ಸಮಾಧಾನ, ಸಮಾಧಾನ!

ಈಗಷ್ಟೇ ಎರಡನೇ ಸಲ ಸ್ನಾನ ಮಾಡಿ ಬಂದು ಕೂತಿದ್ದೇನೆ. ಆದರೂ ಮೈ ಸಗಣಿ ವಾಸನೆ ಹೊಡೆಯುತ್ತಿದೆ. ಕಾರಣ ಕುದುರೆ ಅಂತ ಅಕ್ಕ ಹೇಳುತ್ತಾಳೆ. ನಾನು ಬಾವ ಅನ್ನುತ್ತೇನೆ.

ಮಲ್ಪೆ ಬೀಚಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕುದುರೆ ನೋಡಿದವರೆಲ್ಲ ಐಸ್‌ಕ್ರೀಂ ತಿಂದು ಮನೆಗೆ ಹೋಗುತ್ತಾರೆ, ಅಲ್ವಾ? ನಮ್ಮ ಬಾವ ಕುದುರೆಯನ್ನೇ ಮನೆಗೆ ತಂದರು. ಎರಡು ವರ್ಷದ್ದು, ಸವಾರಿಗೆ ಇನ್ನೂ ಎಳತು. ಹೆಸರು ಚೇತಕ್. 1576ರಲ್ಲಿ ಹಲ್ದಿಘಾಟಿಯಲ್ಲಿ ರಾಣಾ ಪ್ರತಾಪನನ್ನು ಹೊತ್ತ ಚೇತಕ್ ಆನೆಗೂ ಹೆದರಲಿಲ್ಲವಂತೆ. ನಮ್ಮದು ಗೌರಿಯ ಕರು ಸೀನಿದರೂ ಹಾರಿ ಬೀಳುತ್ತದೆ.

ಕುದುರೆಯನ್ನು ದನಗಳಿಗೆ ಒಗ್ಗಿಸುವುದು ಹೇಗೆಂದು ದನದ ಡಾಕ್ಟರು ಸರಿಯಾಗಿಯೇ ಹೇಳಿಕೊಟ್ಟಿದ್ದರು. ದನಗಳನ್ನು ಮೊದಲು ದೂರದಿಂದ ತೋರಿಸಿ. ಎಲ್ಲಿ ನಿಂತರೆ ಅದು ನಿಶ್ಚಿಂತೆಯಿಂದ ಹುಲ್ಲು ತಿನ್ನುತ್ತದೋ ಅಲ್ಲೇ ನಿಲ್ಲಿಸಿ. ತಲೆ ತಗ್ಗಿಸಿ ಉಸಿರು ಬಿಟ್ಟರೆ ಅವತ್ತಿಗೆ ಸಾಕು, ನಾಳೆ ಎರಡು ಹೆಜ್ಜೆ ಹತ್ತಿರ. ಹಗ್ಗ ಕೈಗೆ ಸುತ್ತಿಕೊಳ್ಳಬೇಡಿ, ಹೆಗಲ ಪಕ್ಕ ನಿಲ್ಲಿ. ಕುದುರೆಗೆ ಹೆಚ್ಚುಕಮ್ಮಿ ಸುತ್ತಲೂ ಕಾಣುತ್ತದೆ, ನೇರ ಹಿಂದೆ ಮತ್ತು ಹಣೆಯ ಎದುರಿಗೇ ಬಂದದ್ದು ಮಾತ್ರ ಕಾಣುವುದಿಲ್ಲ. ಹಾಗೆ ಮಾಡಿ 10 ದಿನದಲ್ಲಿ ದನದ ಹಟ್ಟಿಯಿಂದ 15 ಅಡಿ ದೂರದ ತೆಂಗಿನ ಮರದವರೆಗೆ ತಂದಿದ್ದೆ. ಅಕ್ಕ ಸಾರಿಗೆಂದು ಇಟ್ಟಿದ್ದ ಹುರುಳಿಯೆಲ್ಲ ಇದರಲ್ಲೇ ಖಾಲಿ.

ಬಾವ ಮಾತ್ರ ಹಗ್ಗ ಮುಟ್ಟುವುದಿಲ್ಲ. ಜಗಲಿಯಲ್ಲಿ ಚಾ ಕುಡಿಯುತ್ತಾ "ಸಮಾಧಾನ!" ಎಂದು ಕೂಗುತ್ತಾರೆ. ಕುದುರೆ ಕಿವಿ ತಿರುಗಿಸಿದರೆ "ಸಮಾಧಾನ!" ಕೋಳಿ ಅಡ್ಡ ಬಂದರೆ "ಸಮಾಧಾನ, ಸಮಾಧಾನ!" ಕುದುರೆ ಗಾಬರಿಯಾದಷ್ಟೂ ಇವರ ಸ್ವರ ಏರುತ್ತದೆ. ಕಂಬಳದಲ್ಲಿ ಕೋಣ ಓಡಿಸುವ ಕರೆಯಲ್ಲೂ ಇಷ್ಟು ಬೊಬ್ಬೆ ಇರುವುದಿಲ್ಲ. ಆಚೆಮನೆಯ ನಾಯಿಗೂ ಗೊತ್ತಾಗಿದೆ, ಈ ಶಬ್ದ ಕೇಳಿದ ಕೂಡಲೇ ಬೊಗಳಲು ಶುರು. ಕುದುರೆಗಂತೂ ಪಾಠ ಪಕ್ಕಾ ಆಗಿದೆ: ಸಮಾಧಾನ ಅಂದರೆ ಏನೋ ದೊಡ್ಡ ಅಪಾಯ ಬರುತ್ತಿದೆ.

ಇವತ್ತು ಬೆಳಿಗ್ಗೆ ಅದು ಮೊದಲ ಸಲ ಹಟ್ಟಿಯ ಬಾಗಿಲವರೆಗೆ ಬಂತು. ಗೌರಿ ಮೆಲುಕು ಹಾಕುತ್ತಿದ್ದಳು. ಕರು ಮಲಗಿತ್ತು. ಕುದುರೆ ತಲೆ ತಗ್ಗಿಸಿತು, ಉದ್ದಕ್ಕೆ ಉಸಿರು ಬಿಟ್ಟಿತು, ಗೌರಿಯ ಬೈಹುಲ್ಲಿಗೇ ಬಾಯಿ ಹಾಕಿತು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಬಾವನಿಗೂ ಖುಷಿಯಾಯಿತು. ಮೆಲ್ಲಗೆ, ಬಹಳ ಪ್ರೀತಿಯಿಂದಲೇ ಹೇಳಿದರು, "ನೋಡು ಮಾರಾಯಾ, ಎಷ್ಟು ಸಮಾಧಾನ!"

ಕುದುರೆ ತೋಟದ ಕಡೆ ಹೋಯಿತು, ನಾನು ಗೊಬ್ಬರದ ಗುಂಡಿಗೆ.

"ಹಗ್ಗ ಗಟ್ಟಿ ಹಿಡಿಯಬೇಕಿತ್ತು" ಎಂದರು. ಕಪ್ಪು ಕೈಯಲ್ಲೇ ಇತ್ತು, ಒಂದು ಹನಿ ಚೆಲ್ಲಿರಲಿಲ್ಲ. ಗೌರಿ ಮೆಲುಕು ನಿಲ್ಲಿಸಲಿಲ್ಲ.

ಕುದುರೆಯನ್ನು ಕಟ್ಟುವ ಗೂಟ ಅಜ್ಜನ ಕೋಣಗಳದ್ದು. ಅಜ್ಜ ಹಟ್ಟಿಗೆ ಬರುವಾಗ ಏನೂ ಹೇಳುತ್ತಿರಲಿಲ್ಲ, ಒಮ್ಮೆ ಕೆಮ್ಮುತ್ತಿದ್ದರು. ಅಷ್ಟಕ್ಕೇ ಎರಡೂ ಕೋಣಗಳು ಸರಿದು ಜಾಗ ಬಿಡುತ್ತಿದ್ದವು. ಕೋಣಗಳು ಹೋದ ಮೇಲೂ ಅಜ್ಜ ಅಲ್ಲಿಗೆ ಹೋಗಿ ಕೆಮ್ಮುವುದನ್ನು ನಾನು ನೋಡಿದ್ದೇನೆ.

ಸಂಜೆ ಕುದುರೆ ತಾನಾಗಿ ವಾಪಸ್ ಬಂದು ಗೌರಿಯ ಪಕ್ಕದಲ್ಲೇ ನಿಂತಿದೆ. ಬಾವ ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತರು. "ಸಿಟ್ಟು ಮಾಡಬೇಡ ಮಾರಾಯಾ, ಸ್ವಲ್ಪ ಸಮಾಧಾ..."

ಹಟ್ಟಿಯಲ್ಲಿ ಬಾಲ್ದಿ ಉರುಳಿದ ಸದ್ದು ಕೇಳಿತು.