ಪ್ರಶ್ನೆ ಒಲೆಯ ಮುಂದೆ ಹುಟ್ಟಿದಾಗ

ನಾನು ಚಿಕ್ಕವನಿದ್ದಾಗ ನಮ್ಮ ಅಡುಗೆಮನೆಯ ಗೋಡೆಗೆ ಯುಗಾದಿಯಲ್ಲಿ ಬಳಿದ ಸುಣ್ಣ ಗೌರಿ ಹಬ್ಬದ ಹೊತ್ತಿಗೆ ಕಾಣದಂತಾಗುತ್ತಿತ್ತು. ಒಲೆಯ ಹಿಂದಿನ ಗೋಡೆಯಿಂದ ಜಂತೆಯವರೆಗೂ ಮಸಿ ಹಿಡಿದಿರುತ್ತಿತ್ತು. ಮಳೆಗಾಲದಲ್ಲಿ ತೆಂಗಿನ ಮಟ್ಟೆಯೂ ಸೌದೆಯೂ ಹಸಿಯಾಗಿರುತ್ತಿದ್ದುದರಿಂದ ಅಮ್ಮ ಊದುಗೊಳವೆ ಹಿಡಿದು, ಕಣ್ಣು ಮುಚ್ಚಿಕೊಂಡೇ ಊದಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಊದುತ್ತಿದ್ದಳು. ಹೊಗೆಯೆಂಬುದು ಹೆಂಗಸರ ಪಾಲಿಗೆ ಬಂದದ್ದು, ಅದಕ್ಕೆ ಮಾಡುವುದೇನೂ ಇಲ್ಲ ಎಂದು ಮನೆಯವರೆಲ್ಲ ನಂಬಿದ್ದೆವು. ಅದು ಬಿಡಿಸಬಹುದಾದ ಸಮಸ್ಯೆಯೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

1985ರ ಸುಮಾರಿಗೆ ನಮ್ಮೂರಿಗೆ ‘ಅಸ್ತ್ರ ಒಲೆ’ ಬಂತು. ತರಬೇತಿ ಪಡೆದ ಗಾರೆ ಕೆಲಸದವರೊಬ್ಬರು ಬಂದು, ಹಳೆಯ ಒಲೆಯನ್ನು ಒಡೆದು, ಅಳತೆಪಟ್ಟಿಯನ್ನು ಕೈಯಲ್ಲಿಟ್ಟುಕೊಂಡೇ ಇಡೀ ದಿನ ಕುಳಿತು ಹೊಸ ಒಲೆ ಕಟ್ಟಿದರು. ಸಾಲಾಗಿ ಮೂರು ಕಣ್ಣು, ಸೌದೆ ಹಾಕುವ ಬಾಯಿಗೆ ಒಂದು ಮುಚ್ಚಳ, ಉರಿಯ ಕೆಳಗೆ ಕಬ್ಬಿಣದ ಜಾಲರಿ, ಅದರ ಕೆಳಗೆ ಗಾಳಿ ಬರುವ ಕಿಂಡಿ, ಕೊನೆಯಲ್ಲಿ ಸೂರಿನ ಮೇಲಕ್ಕೆ ಹೋಗುವ ಹೊಗೆ ಕೊಳವೆ. ಮೊದಲ ಕಣ್ಣಿನ ಮೇಲೆ ಮುದ್ದೆಯ ಎಸರು ಕುದಿಯುತ್ತಿರುವಾಗಲೇ, ಅಲ್ಲಿಂದ ಸಾಗುವ ಬಿಸಿಗಾಳಿ ಎರಡನೆಯದರ ಸಾರನ್ನೂ ಮೂರನೆಯದರ ನೀರನ್ನೂ ಕಾಯಿಸಿಕೊಂಡು ಹೊರಗೆ ಹೋಗುತ್ತಿತ್ತು. ಆ ವರ್ಷ ಬಳಿದ ಸುಣ್ಣ ದೀಪಾವಳಿಗೂ ಬೆಳ್ಳಗೇ ಇದ್ದದ್ದನ್ನು ಅಮ್ಮ ಬಂದವರಿಗೆಲ್ಲ ಕರೆದು ತೋರಿಸಿದ್ದು ನನಗೆ ಇಂದಿಗೂ ನೆನಪಿದೆ.

ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಸಂಶೋಧನೆಯಿಂದ ಜನರಿಗೆ ಏನು ಸಿಗುತ್ತದೆ ಎಂದು ಯಾರಾದರೂ ಕೇಳಿದಾಗ ನಾನು ಮೊದಲು ಹೇಳುವುದು ಈ ಒಲೆಯ ವಿಷಯವನ್ನು. ಅದು ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಅಸ್ತ್ರ’ ಎಂದು ಕರೆದ ಒಂದು ಗುಂಪು 1974ರಲ್ಲಿ ಅಲ್ಲಿ ಹುಟ್ಟಿತು. ಅದನ್ನು ಕಟ್ಟಿದ ಅಮೂಲ್ಯ ರೆಡ್ಡಿಯವರು ವಿದ್ಯುದ್ರಸಾಯನಶಾಸ್ತ್ರದ ವಿದ್ವಾಂಸರು. ಆ ವಿಷಯದಲ್ಲಿ ಜಗತ್ತಿನ ಹಲವು ದೇಶಗಳ ವಿದ್ಯಾರ್ಥಿಗಳು ಓದುವ ಪಠ್ಯವೊಂದರ ಇಬ್ಬರು ಲೇಖಕರಲ್ಲಿ ಒಬ್ಬರು. ಅಂಥವರು ತಮ್ಮ ಹೆಸರು ನೆಲೆಯಾಗಿದ್ದ ಕ್ಷೇತ್ರವನ್ನು ಬದಿಗಿಟ್ಟು, ನಮ್ಮ ಹಳ್ಳಿಗಳಲ್ಲಿ ಶಕ್ತಿಯೆಂಬುದು ಎಲ್ಲಿಂದ ಬರುತ್ತದೆ, ಎಲ್ಲಿ ಖರ್ಚಾಗುತ್ತದೆ, ಯಾರ ಮೈಯಿಂದ ಖರ್ಚಾಗುತ್ತದೆ ಎಂದು ಕೇಳಲು ಹೊರಟರು.

ಕೇಳಿದ್ದು ಗ್ರಂಥಾಲಯದಲ್ಲಿ ಕುಳಿತಲ್ಲ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ಮಾಡಿಕೊಂಡು, ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಎಷ್ಟು ಸೌದೆ ಉರಿಯಿತು, ಅದನ್ನು ತರಲು ಎಷ್ಟು ದೂರ ನಡೆಯಬೇಕಾಯಿತು, ನೀರಿಗೆ ಎಷ್ಟು ಹೊತ್ತು ಹಿಡಿಯಿತು, ಎತ್ತುಗಳು ಎಷ್ಟು ಗಂಟೆ ದುಡಿದವು ಎಂಬುದನ್ನೆಲ್ಲ ಲೆಕ್ಕ ಹಾಕಿದರು. ಸುಮಾರು 350 ಜನರಿದ್ದ ಪುರ ಎಂಬ ಹಳ್ಳಿಯ ಲೆಕ್ಕವೊಂದೇ ಸಾಕು. ಅಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯಲ್ಲಿ ಹತ್ತಿರ ಹತ್ತಿರ ಹತ್ತರಲ್ಲಿ ಒಂಬತ್ತು ಪಾಲು ಸೌದೆಯದು, ಅದರಲ್ಲಿ ಬಹುಪಾಲು ಹೋಗುತ್ತಿದ್ದುದು ಒಲೆಗೆ. ವಿದ್ಯುತ್ತಿನ ಪಾಲು ಶೇಕಡಾ ಒಂದರ ಆಸುಪಾಸು. ಮನುಷ್ಯರ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದು, ಮಕ್ಕಳದೂ ಕಡಿಮೆಯೇನಲ್ಲ. ಗ್ರಾಮೀಣ ಶಕ್ತಿಯೆಂದರೆ ಪಂಪ್‌ಸೆಟ್ಟು, ವಿದ್ಯುತ್ ಕಂಬ ಎಂದಷ್ಟೇ ಯೋಚಿಸುತ್ತಿದ್ದ ಕಾಲದಲ್ಲಿ, ಅದರ ಬಹುಪಾಲು ತಲೆಯ ಮೇಲಿನ ಸೌದೆಯ ಹೊರೆಯಲ್ಲಿದೆ ಎಂದು ಅಂಕಿಗಳ ಸಮೇತ ತೋರಿಸಿದ್ದು ಸಣ್ಣ ಕೆಲಸವಲ್ಲ. ಆ ಹೊರೆಯನ್ನು ಪ್ರತಿದಿನ ಕಂಡವರು ಲಕ್ಷಾಂತರ ಜನ ಇದ್ದರು. ತೂಗಿ ನೋಡಿದವರು ಇರಲಿಲ್ಲ.

ಒಲೆಯ ಸಂಶೋಧನೆ ಈ ಲೆಕ್ಕದ ಬೆನ್ನಿಗೇ ಬಂತು. ಅಸ್ತ್ರ ಗುಂಪಿನ ಕೆ.ಎಸ್. ಜಗದೀಶ್, ಲೋಕ್ರಸ್ ಮತ್ತವರ ಸಂಗಡಿಗರು ಕೈಗೆತ್ತಿಕೊಂಡ ಪ್ರಶ್ನೆ ಕೇಳಲು ಸರಳ, ಬಿಡಿಸಲು ಕಷ್ಟ. ಮಾಮೂಲಿ ಒಲೆಯಲ್ಲಿ ಸೌದೆಯ ಶಾಖದಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಪಾತ್ರೆಗೆ ಸೇರುತ್ತದೆ; ಉಳಿದದ್ದು ಎಲ್ಲಿ ಹೋಗುತ್ತದೆ? ಬೇಡದ ಗಾಳಿ ಒಳನುಗ್ಗಿ ಉರಿಯನ್ನು ತಣಿಸುತ್ತದೆ, ಗೋಡೆ ಶಾಖ ಕುಡಿಯುತ್ತದೆ, ಪಾತ್ರೆಗೂ ಒಲೆಗೂ ನಡುವಿನ ಸಂದಿಯಲ್ಲಿ ಬಿಸಿ ಜಾರಿಹೋಗುತ್ತದೆ. ಇವನ್ನೆಲ್ಲ ಒಂದೊಂದಾಗಿ ಅಳೆದು ಸರಿಪಡಿಸುತ್ತ ಹೋಗಿ, ಪ್ರಯೋಗಾಲಯದ ಪರೀಕ್ಷೆಯಲ್ಲಿ ಶಾಖದ ಶೇಕಡಾ 40ಕ್ಕಿಂತ ಹೆಚ್ಚು ಪಾಲು ಪಾತ್ರೆಗೆ ಸೇರುವ ಮೂರು ಕಣ್ಣಿನ ಒಲೆಯನ್ನು ರೂಪಿಸಿದರು. ಇದಕ್ಕೆ ಬೇಕಾದ ಶಾಖ ವರ್ಗಾವಣೆಯ ಸೂತ್ರಗಳನ್ನು ಕಂಡುಹಿಡಿದವರ ಮನಸ್ಸಿನಲ್ಲಿ ನಮ್ಮ ಮುದ್ದೆಯ ಮಡಕೆ ಇರಲಿಲ್ಲ. ಹಾಗಾಗಿ ಎಲ್ಲ ಸಂಶೋಧನೆಯೂ ನಾಳೆಯೇ ಊರಿಗೆ ಉಪಯೋಗಕ್ಕೆ ಬರಬೇಕೆಂದು ಹಟ ಹಿಡಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೂಲವಿಜ್ಞಾನ ತನ್ನ ಪಾಡಿಗೆ ತಾನು ಬೆಳೆಯಲೇಬೇಕು. ಆದರೆ ಬೆಳೆದದ್ದನ್ನು ಒಲೆಯ ತನಕ ತರುವ ಕೆಲಸವೂ ಅಷ್ಟೇ ಗಟ್ಟಿಯಾದ ವಿಜ್ಞಾನ ಎಂಬುದನ್ನು ನಮ್ಮ ವಿಶ್ವವಿದ್ಯಾಲಯಗಳು ಮನಸಾರೆ ಒಪ್ಪಬೇಕು.

ಹಾಗೆ ತರುವುದರ ಕಷ್ಟ ಏನೆಂಬುದು ನಮ್ಮ ಬೀದಿಯಲ್ಲೇ ಗೊತ್ತಾಯಿತು. ನಮ್ಮ ಒಲೆ ನೋಡಿದ ಪಕ್ಕದ ಮನೆಯವರು ತಾವೇ ಒಂದನ್ನು ಕಟ್ಟಿಕೊಂಡರು. ದಪ್ಪ ಕೊರಡು ಹಿಡಿಸಲಿ ಎಂದು ಸೌದೆ ಹಾಕುವ ಬಾಯಿಯನ್ನು ದೊಡ್ಡದು ಮಾಡಿ, ಮುಚ್ಚಳ ಯಾಕೆಂದು ಬಿಟ್ಟು, ಕೊಳವೆಯನ್ನು ಗಿಡ್ಡ ಮಾಡಿದ್ದರು. ಹೊಗೆ ಮತ್ತೆ ಅಡುಗೆಮನೆಗೇ ತುಂಬಿತು, ಸೌದೆಯೂ ಉಳಿಯಲಿಲ್ಲ, ಆರು ತಿಂಗಳಲ್ಲಿ ಅದನ್ನು ಒಡೆದು ಹಳೆಯ ಒಲೆಯನ್ನೇ ಹೂಡಿದರು. ಅವರದು ದಡ್ಡತನವೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ಚಳಿಗಾಲದ ಬೆಳಗ್ಗೆ ಕೊರಡು ಸೀಳಲು ಮನೆಯಲ್ಲಿ ಗಂಡಾಳಿರಲಿಲ್ಲ, ಆದ್ದರಿಂದ ಬಾಯಿ ದೊಡ್ಡದಾಗಬೇಕಿತ್ತು. ನಕ್ಷೆ ಬರೆದು, ತರಬೇತಿ ಕೊಟ್ಟು, ಪಟ್ಟಿಯಲ್ಲಿ ಸಂಖ್ಯೆ ತುಂಬಿದ ಮೇಲೂ ವರ್ಷಕ್ಕೊಮ್ಮೆಯಾದರೂ ಬಂದು ಒಲೆಯ ಮುಂದೆ ಕುಳಿತು ಕೇಳುವವರು ಇದ್ದಿದ್ದರೆ ಈ ಮಾತು ಸಂಶೋಧಕರಿಗೆ ಮುಟ್ಟುತ್ತಿತ್ತು. ಸಂಶೋಧನೆ ಊರು ತಲುಪಿದ ದಿನಕ್ಕೆ ಮುಗಿಯುವುದಿಲ್ಲವೆಂದು ನಾನು ಕಲಿತದ್ದು ಆ ಒಡೆದ ಒಲೆಯಿಂದ.

ಹೀಗೆ ಕೇಳಿಸಿಕೊಂಡಿದ್ದರಿಂದಲೇ ದಾರಿ ಬದಲಾದ ಪ್ರಸಂಗವೂ ಪುರದಲ್ಲೇ ಇದೆ. ಊರಿನ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ, ಸಮುದಾಯದ ಗೋಬರ್ ಗ್ಯಾಸ್ ಸ್ಥಾವರದಿಂದ ಮನೆಮನೆಗೂ ಅಡುಗೆ ಅನಿಲ ಕೊಡಬೇಕೆಂಬುದು ಮೊದಲ ಯೋಜನೆಯಾಗಿತ್ತು. ಸಗಣಿ ಅಷ್ಟಕ್ಕೆ ಸಾಲಲಿಲ್ಲ, ಜನರ ಉತ್ಸಾಹವೂ ಇಳಿಯಿತು. ಊರವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. ಆಗ ಯೋಜನೆಯನ್ನೇ ತಿರುಗಿಸಿ, ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ತಯಾರಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೂ ಬೆಳಕನ್ನು ಮನೆಗಳಿಗೂ ಕೊಟ್ಟರು. 1987ರಲ್ಲಿ ದೀಪ ಹತ್ತಿತು. ಸಗಣಿ ತಂದವರಿಗೆ ತೂಕ ಮಾಡಿ ದುಡ್ಡು ಸಿಗುತ್ತಿತ್ತು, ಅನಿಲ ತೆಗೆದ ಮೇಲಿನ ಬಗ್ಗಡ ಅವರ ತಿಪ್ಪೆಗೇ ಗೊಬ್ಬರವಾಗಿ ಹಿಂದಿರುಗುತ್ತಿತ್ತು, ಸ್ಥಾವರ ನಡೆಸುತ್ತಿದ್ದವರು ಊರಿನ ಹುಡುಗರೇ. ಆ ವ್ಯವಸ್ಥೆ ಶಾಶ್ವತವಾಗಿ ನಿಲ್ಲಲಿಲ್ಲ, ನಿಜ. ಆದರೂ ವಿಜ್ಞಾನಿಗಳು ತಾವು ತಂದ ಉತ್ತರವನ್ನು ಬದಿಗಿಟ್ಟು ಊರಿನ ಪ್ರಶ್ನೆಯನ್ನು ಎತ್ತಿಕೊಂಡ ಆ ಗಳಿಗೆಯನ್ನು ನಾನು ಬಹಳ ದೊಡ್ಡದೆಂದು ಭಾವಿಸುತ್ತೇನೆ.

ಇದೇ ಗುಂಪು ಇಟ್ಟಿಗೆ ಸುಡಲು ಬೇಕಾಗುವ ಸೌದೆಯನ್ನು ಉಳಿಸಲೆಂದು, ಮಣ್ಣಿಗೆ ಸ್ವಲ್ಪವೇ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ ನೀರುಣಿಸಿ ಗಟ್ಟಿಮಾಡುವ ಮಣ್ಣಿನ ಇಟ್ಟಿಗೆಯನ್ನೂ ಬೆಳೆಸಿತು. ಇಂದು ಬೆಂಗಳೂರಿನಲ್ಲಿ ಅದರಿಂದ ಕಟ್ಟಿದ ಮನೆಗಳು ಬೇಕಾದಷ್ಟಿವೆ.

ಈಗಿನ ಸ್ಥಿತಿ ನೋಡಿದರೆ ನನಗೆ ಕಳವಳವಾಗುತ್ತದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನಾಗಿ ಹೇಳುತ್ತಿದ್ದೇನೆ: ಬಡ್ತಿಯ ಅರ್ಜಿಯಲ್ಲಿ ಪ್ರಕಟಿತ ಪ್ರಬಂಧಗಳ ಸಂಖ್ಯೆ ಬರೆಯಲು ಕಲಂ ಇದೆ, ಎರಡು ವರ್ಷ ಒಂದು ಹಳ್ಳಿಯಲ್ಲಿ ನೀರಿನ ಮಾದರಿ ತೆಗೆದದ್ದನ್ನು ಬರೆಯಲು ಇಲ್ಲ. ಹೊಟ್ಟೆಪಾಡಿಗೆ ಅಂಕ ಬೇಕಾದ ತರುಣ ಅಧ್ಯಾಪಕರು ಬೇಗ ಪ್ರಕಟವಾಗುವ ವಿಷಯವನ್ನೇ ಆರಿಸಿಕೊಂಡರೆ ಅವರನ್ನು ದೂರುವಂತಿಲ್ಲ. ರಾಜ್ಯದ ವಿಶ್ವವಿದ್ಯಾಲಯಗಳು ಪ್ರತಿ ವಿಭಾಗಕ್ಕೂ ಒಂದು ತಾಲ್ಲೂಕನ್ನು ಹತ್ತು ವರ್ಷದ ಮಟ್ಟಿಗೆ ಒಪ್ಪಿಸಿ, ಅಲ್ಲಿನ ಕ್ಷೇತ್ರಕಾರ್ಯಕ್ಕೆ ಪ್ರಬಂಧದಷ್ಟೇ ಅಂಕ ಕೊಡಬೇಕು, ಪಿಎಚ್.ಡಿ. ಮುಗಿದ ಮೇಲೆ ಫಲಿತಾಂಶವನ್ನು ಆ ಊರಿನ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳುವುದು ಕಡ್ಡಾಯವಾಗಬೇಕು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆಯ ವರ್ಷದ ಯೋಜನೆಗಳಿಗೆ ದಶಕಗಳಿಂದ ನೆರವು ನೀಡುತ್ತಿದೆ. ಅಂಥ ನೆರವು ಎಂಜಿನಿಯರಿಂಗ್ ಅಲ್ಲದ ಸಣ್ಣ ಊರಿನ ಪದವಿ ಕಾಲೇಜುಗಳಿಗೂ ಸಿಗುವಂತಾಗಬೇಕು.

ಹೋದ ಬೇಸಿಗೆಯಲ್ಲಿ ಪರಿಚಯದ ಕೆಲವು ವಿದ್ಯಾರ್ಥಿಗಳೊಂದಿಗೆ ಪಾವಗಡ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲು ನೋಡಿದರೇ ತಿಳಿಯುತ್ತದೆ. ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ಘಟಕದ ಹಿಂಬದಿಯ ಪೈಪಿನಿಂದ ಚರಂಡಿಗೆ ಸುರಿಯುತ್ತಿದ್ದ ನೀರನ್ನು ತೋರಿಸಿ, “ಒಳ್ಳೇ ನೀರು ನಮಗೆ ಕೊಡ್ತೀರಾ ಸರಿ ಮೇಷ್ಟ್ರೇ, ಆ ಬಿಟ್ಟ ನೀರನ್ನ ನಮ್ಮ ದನಗಳು ಕುಡೀತವಲ್ಲ, ಅವಕ್ಕೇನಾಗ್ತದೆ?” ಎಂದು ಕೇಳಿದರು. ಘಟಕ ತೆಗೆದುಹಾಕಿದ ಫ್ಲೋರೈಡ್ ಎಲ್ಲಿಗೂ ಹೋಗಿರುವುದಿಲ್ಲ, ಆ ಬಿಟ್ಟ ನೀರಿನಲ್ಲೇ ಇನ್ನಷ್ಟು ಗಟ್ಟಿಯಾಗಿ ಸೇರಿರುತ್ತದೆ. ಜೊತೆಯಲ್ಲಿದ್ದ ಹುಡುಗಿಯೊಬ್ಬಳು ಅಜ್ಜಿಯ ಮಾತನ್ನು ಹಾಗೆಯೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡು, ಚರಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಮೊದಲ ಬಾಟಲಿಗೆ ನೀರು ತುಂಬಿಸಿಕೊಂಡಳು.