ಪಾವ ಕಿಲೋ ಕ್ಯಾಮೆರಾ

ಧಾರವಾಡದವರಿಗೆ ತೂಕದ ಅಂದಾಜು ಕೈಯಲ್ಲೇ ಇರುತ್ತದೆ. ಪೇಡೆಯ ಡಬ್ಬಿ ಎತ್ತಿದರೆ ಸಾಕು, ಪಾವ ಕಿಲೋನೋ ಅರ್ಧ ಕಿಲೋನೋ ಹೇಳಿಬಿಡುತ್ತೇವೆ. ಬೆಂಗಳೂರಿನಿಂದ ಬಂದ ತಂಗಿಯ ಮಗ ತನ್ನ ಸೋನಿ ಆರ್‌ಎಕ್ಸ್100 ಅನ್ನು ನನ್ನ ಅಂಗೈಯಲ್ಲಿಟ್ಟು, "ಮಾಮಾ, ಇನ್ನ ಆ ನಿಕಾನ್ ಗುಂಡಕಲ್ಲು ಹೊರೋದು ಬಿಡ್ರಿ" ಅಂದ. "ಪಾವ ಕಿಲೋಕ್ಕೂ ತುಸು ಕಮ್ಮೀನ ಅದಲ್ಲೋ ಇದು" ಅಂದೆ. 2012ರ ಮಾಡೆಲ್ಲು, ಅವನಿಗೆ ಹಳತು, ನನಗೆ ಹೊಸದು.

ಅಂದಾಜು ಖಾತ್ರಿಯಾಗಬೇಕಲ್ಲ, ಓಣಿಯ ತುದಿಯ ಕಿರಾಣಿ ಅಂಗಡಿಗೆ ಎರಡನ್ನೂ ಒಯ್ದೆ. ಸಾವಕಾರರು ಶೇಂಗಾದ ಪುಡಿ ಒರೆಸಿ ಕಾಟಾ ಸ್ವಚ್ಛ ಮಾಡಿದರು. ಸೋನಿ 240 ಗ್ರಾಂ. ನನ್ನ ನಿಕಾನ್ ಡಿ90, ಲೆನ್ಸು, ಕೊರಳಪಟ್ಟಿ ಎಲ್ಲ ಸೇರಿ 1 ಕಿಲೋ 160. "ಸರ, ಇದರಾಗ ನಾಕು ಮಂದಿಗೆ ಉಪ್ಪಿಟ್ಟ ಆಗತೈತಿ ನೋಡ್ರಿ" ಅಂದರು ಸಾವಕಾರರು.

ಮನೆಗೆ ಬಂದು ಕ್ಯಾಟಲಾಗು ತೆಗೆದೆ. ಡಿ90 ತೂಕ 620 ಗ್ರಾಂ ಅಂತಿದೆ! ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: ಬ್ಯಾಟರಿ ಬಿಟ್ಟು. ಲೆನ್ಸಿನ ಮಾತಂತೂ ಇಲ್ಲವೇ ಇಲ್ಲ. ನನ್ನ 18-105 ಲೆನ್ಸು ಒಂದೇ 420 ಗ್ರಾಂ. ಎತ್ತು ಬಿಚ್ಚಿ, ನೊಗ ಇಳಿಸಿ ಚಕ್ಕಡಿ ತೂಗಿದ ಹಾಗಾಯಿತು ಇದು. ಅಳತೆ 132 × 103 × 77 ಮಿಲಿಮೀಟರು, ಅದೂ ಲೆನ್ಸಿಲ್ಲದೆ: ಒಂದು ಬೆಲ್ಲದ ಪೆಂಟಿ. ಸೋನಿಯದು 102 × 58 × 36. ನೆಹರು ಶರ್ಟಿನ ಬದಿಯ ಕಿಸೆಯಲ್ಲಿ ಎಲೆ-ಅಡಿಕೆ ಸಂಚಿಯ ಜೊತೆ ಕೂಡುತ್ತದೆ.

ಪರದೆಯ ಲೆಕ್ಕ ಮಾತ್ರ ನನ್ನನ್ನು ಒಂದು ಸಂಜೆಯೆಲ್ಲ ಕೂರಿಸಿತು. ಎರಡಕ್ಕೂ 3 ಇಂಚಿನ ಪರದೆ, ಮೂಲೆಯಿಂದ ಮೂಲೆಗೆ. ನಿಕಾನಿನದರಲ್ಲಿ ಸುಮಾರು 9 ಲಕ್ಷ 20 ಸಾವಿರ ಚುಕ್ಕೆ, ಸೋನಿಯದರಲ್ಲಿ 12 ಲಕ್ಷ 29 ಸಾವಿರ. ಮೂರು ಲಕ್ಷ ಹೆಚ್ಚೆಂದರೆ ಚಿತ್ರ ಅಷ್ಟು ನುಣುಪಾಗಿರಬೇಕಲ್ಲ? ಇಲ್ಲ. ಎರಡರಲ್ಲೂ ಚಿತ್ರ ಅಡ್ಡಕ್ಕೆ 640 ಬಿಂದು, ಉದ್ದಕ್ಕೆ 480, ಅಷ್ಟೇ. ನಿಕಾನಿನಲ್ಲಿ ಒಂದೊಂದು ಬಿಂದುವಿಗೆ ಕೆಂಪು, ಹಸಿರು, ನೀಲಿ ಮೂರು ಚುಕ್ಕೆ. ಸೋನಿಯವರು ನಾಲ್ಕನೆಯದಾಗಿ ಒಂದು ಬಿಳಿ ಚುಕ್ಕೆ ಸೇರಿಸಿದ್ದಾರೆ. ಗಿರಮಿಟ್ಟಿನ ಮೇಲೆ ಸೇವು ಉದುರಿಸಿದ ಹಾಗೆ, ಪ್ಲೇಟೇನೂ ದೊಡ್ಡದಾಗಲಿಲ್ಲ. ಆದರೆ ಆ ಬಿಳಿಯಿಂದ ಪರದೆಗೆ ಬೆಳಕು ಹೆಚ್ಚು ಬರುತ್ತದೆ, ಬಿಸಿಲಲ್ಲಿ ಕಾಣಲಿ ಅಂತ.

ಬಿಸಿಲೆಂದರೆ ಯಾವ ಬಿಸಿಲು? ಮೇ ತಿಂಗಳಲ್ಲಿ ಗದಗ ದಾಟಿ ಲಕ್ಕುಂಡಿಗೆ ಹೋದೆವು. ಕಾಶಿ ವಿಶ್ವೇಶ್ವರ ಗುಡಿಯಲ್ಲಿ ಶಿವನದು ದೊಡ್ಡ ಗುಡಿ, ಅದಕ್ಕೆ ಮುಖ ಮಾಡಿ ಸೂರ್ಯನದು ಸಣ್ಣದು. ಸೋನಿಯ ಪರದೆಯಲ್ಲಿ ಎರಡೂ ಕಾಣಲಿಲ್ಲ, ಕಂಡದ್ದು ನನ್ನದೇ ಬೆವತ ಮುಖ. ಕಣ್ಣಿಟ್ಟು ನೋಡಲು ನಿಕಾನಿಗಿರುವಂಥ ಕಿಂಡಿ ಇದಕ್ಕಿಲ್ಲ. ಕೊನೆಗೆ ನಮ್ಮಾಕೆ ಸೆರಗು ಬಿಚ್ಚಿ ನನ್ನ ತಲೆ, ಕ್ಯಾಮೆರಾ ಎರಡರ ಮೇಲೂ ಹೊದಿಸಿದಳು. ಹಳೇ ಸ್ಟುಡಿಯೋದವರು ಕರೀ ಬಟ್ಟೆಯೊಳಗೆ ಹೊಕ್ಕು ಫೋಟೋ ತೆಗೆಯುತ್ತಿದ್ದರಲ್ಲ, ಥೇಟ್ ಹಾಗೆ. ನಮ್ಮದು ಇಳಕಲ್ಲಿನದು, ಅಷ್ಟೇ ವ್ಯತ್ಯಾಸ.

ಗುಡಿಯ ಕಟ್ಟೆಯ ಮೇಲೆ ಒಬ್ಬ ಅಜ್ಜ ಕೂತಿದ್ದ. ಸೋನಿ ಎತ್ತಿ ಹಿಡಿದರೂ ಎಲೆಗೆ ಸುಣ್ಣ ಸವರುವುದನ್ನು ಬಿಡಲಿಲ್ಲ. ಆ ಬೆರಳು, ಆ ಬಾಗಿದ ಕತ್ತು, ಚಂದದ ಚಿತ್ರ ಬಂತು. ಮಗ್ಗುಲ ಚೀಲದಿಂದ ನಿಕಾನ್ ಹೊರಗೆ ತೆಗೆದದ್ದೇ ತಡ, ಅಜ್ಜ ಎಲೆ ಕೆಳಗಿಟ್ಟ, ರುಮಾಲು ಸರಿಪಡಿಸಿಕೊಂಡ, ಎದೆ ಸೆಟೆಸಿ, "ಹಾಂ, ಈಗ ತಗೀರಿ" ಅಂದ. ಆ ಚಿತ್ರದಲ್ಲಿ ಅವನು ಪಂಚಾಯ್ತಿ ಚೇರ್ಮನ್ನರ ಹಾಗಿದ್ದಾನೆ. ಅವನಿಗೆ ಯಾವುದು ಸೇರೀತು ಅಂತ ಬೇರೆ ಕೇಳಬೇಕೆ? ನನಗೆ ಯಾವುದು ಸೇರಿತು ಅನ್ನುವುದನ್ನು ತಂಗಿಯ ಮಗನಿಗೆ ಇನ್ನೂ ಹೇಳಿಲ್ಲ.

ಮುಂದಿನ ವಾರ ಹಾವೇರಿ ಕಡೆ ಹೋಗುವುದಿದೆ. ಚೀಲದಲ್ಲಿ ನಿಕಾನ್ ಇಟ್ಟೆ, ಸೋನಿಯನ್ನೂ ಇಟ್ಟೆ. ನಮ್ಮಾಕೆ ಚೀಲ ಎತ್ತಿ ನೋಡಿದಳು.

"ಹಗರ ಆಗ್ಲಿ ಅಂತಲ್ಲೇನ್ರಿ ಅಂವ ಕೊಟ್ಟದ್ದು? ಇದೀಗ 1 ಕಿಲೋ 400 ಆತಲ್ಲ!"