ಇನ್ ಅಂದರೆ ಇಲ್ಲ, ಕೆಲವು ಸಲ

ಸಕಲೇಶಪುರದ ಕಡೆಯಿಂದ ಹಾಸನಕ್ಕೆ ಬರುವಾಗ ಮುಂದೆ ಗ್ಯಾಸ್ ಟ್ಯಾಂಕರ್ ಸಿಕ್ಕಿಬಿಟ್ಟರೆ ಓದುವುದಕ್ಕೆ ಅದರ ಬೆನ್ನು ಬಿಟ್ಟು ಬೇರೇನೂ ಇರುವುದಿಲ್ಲ. ಮಂಗಳೂರಿಂದ ಶಿರಾಡಿ ಘಾಟಿ ಹತ್ತಿ ಬಂದ ಗಾಡಿ, ಅವಸರವೇ ಇಲ್ಲ ಅದಕ್ಕೆ. ಹಿಂದೆ ದಪ್ಪಕ್ಷರದಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಅಂತ ಬರೆದಿರುತ್ತದೆ. ಇನ್‌ವಿಸಿಬಲ್ ಅಂದರೆ ಕಾಣದ್ದು. ಇನ್‌ಕರೆಕ್ಟ್ ಅಂದರೆ ಸರಿಯಿಲ್ಲದ್ದು. ಆ ಲೆಕ್ಕದಲ್ಲಿ ಇದು ಬೆಂಕಿ ಹತ್ತದ ಗಾಡಿ, ಪಕ್ಕದಲ್ಲೇ ನಿಂತು ಆರಾಮಾಗಿ ಬೀಡಿ ಹಚ್ಚಬಹುದು, ಅಲ್ವಾ?

ಹಚ್ಚಬೇಡಿ. ಇಲ್ಲಿರುವುದು ‘ಇಲ್ಲ’ ಅನ್ನುವ ಇನ್ ಅಲ್ಲ, ‘ಒಳಗೆ’ ಅನ್ನುವ ಇನ್. ಲ್ಯಾಟಿನ್ನಿನಲ್ಲಿ ಎರಡೂ ಬೇರೆ ಬೇರೆ, ನೋಡಲಿಕ್ಕೆ ಮಾತ್ರ ಒಂದೇ ಥರ. ಹೊತ್ತಿಸು ಅನ್ನುವುದಕ್ಕೆ ಅಲ್ಲಿ ಇನ್‌ಫ್ಲಮಾರೆ ಅನ್ನುತ್ತಿದ್ದರು, ಅದರ ಮೊಮ್ಮಗ ಈ ಟ್ಯಾಂಕರ್ ಮೇಲಿನವನು. ಗೊಂದಲ ನಮಗೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲೇ ‘ಇನ್’ ಬಿಟ್ಟುಬಿಡಿ, ಸುಮ್ನೆ ‘ಫ್ಲೇಮಬಲ್’ ಅಂತ ಬರೆಯಿರಿ ಅಂತ ಹೇಳತೊಡಗಿತ್ತು. ಹೀಗಾಗಿ ಈಗ ಫ್ಲೇಮಬಲ್ ಅಂದರೂ ಅದೇ, ಇನ್‌ಫ್ಲೇಮಬಲ್ ಅಂದರೂ ಅದೇ. ಹತ್ತಿಕೊಳ್ಳದ್ದಕ್ಕೆ ನಾನ್‌ಫ್ಲೇಮಬಲ್ ಅಂತ ಇನ್ನೊಂದು ಬೇಕಾಯಿತು.

ನನಗನ್ನಿಸುವುದು ಇಷ್ಟು. ಕನ್ನಡದವರಿಗೆ ‘ಇಲ್ಲ’ವನ್ನು ಮೊದಲೇ ಕೇಳಿಸಿಕೊಂಡು ಅಭ್ಯಾಸ ಇಲ್ಲ. ನಮ್ಮದು ಯಾವಾಗಲೂ ಕೊನೆಗೆ ಬರುತ್ತದೆ. ಕೊಡಬೇಕಾದ ದುಡ್ಡು ಕೇಳಿ ನೋಡಿ: ‘ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೀತಿದ್ದಂಗೇ ನಿಮ್ ದುಡ್ಡು ಪೂರ್ತಿ ಕೊಡಾಕೆ ಆಗಾಕಿಲ್ಲ ಕಣಣ್ಣ.’ ಕೊನೇ ಎರಡು ಪದದ ತನಕ ಆಸೆ ಇಟ್ಟುಕೊಂಡೇ ಇರಬಹುದು. ಇಂಗ್ಲಿಷಿನವರು ಬಾಗಿಲಲ್ಲೇ ಇಲ್ಲ ಅಂದುಬಿಡುತ್ತಾರೆ. ಅದೂ ಎಷ್ಟೋ ಸಲ ಬಾಯೊಳಗೇ, ಅರ್ಧ ನುಂಗಿ.

ಉಚ್ಚಾರಣೆಯ ತಕರಾರು ಶುರುವಾಗುವುದು ಅಲ್ಲೇ. ಕನ್ನಡದಲ್ಲಿ ಯಾವ ಅಕ್ಷರ ಒತ್ತಿದರೂ ಅರ್ಥ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ಒಟಿಪಿ ತಪ್ಪಾದಾಗ ಮೊಬೈಲಿನಲ್ಲಿ ಬರುವ ‘ಇನ್‌ವ್ಯಾಲಿಡ್’ನಲ್ಲಿ ಒತ್ತು ‘ವ್ಯಾ’ ಮೇಲೆ. ಅದೇ ಸ್ಪೆಲ್ಲಿಂಗ್ ಇಟ್ಟುಕೊಂಡು ‘ಇನ್’ ಒತ್ತಿ, ಮುಂದಿನದನ್ನು ತೇಲಿಸಿ ‘ಇನ್‌ವಲಿಡ್’ ಅಂದರೆ ಕಾಯಿಲೆ ಬಿದ್ದು ಶಕ್ತಿ ಕಳೆದುಕೊಂಡ ಮನುಷ್ಯ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ‘ಇನ್‌ವಲಿಡ್ ಕ್ಯಾರೇಜ್’ ಅಂತ ಒಂದು ವಾಹನದ ವರ್ಗವೇ ಇತ್ತು, ಅಂಗವೈಕಲ್ಯ ಇರುವವರಿಗೆಂದು ಮಾಡಿದ ಗಾಡಿ. ಒಟಿಪಿ ಥರ ಓದಿದರೆ ಅದು ನಡೆಯದ ಗಾಡಿ, ರಸ್ತೆಗೇ ಇಳಿಸುವ ಹಾಗಿಲ್ಲ! ಆಮೇಲೆ ತಿದ್ದುಪಡಿ ತಂದು ‘ಅಡಾಪ್ಟೆಡ್ ವೆಹಿಕಲ್’ ಅಂತ ಮಾಡಿದರು. ಒಳ್ಳೆಯದೇ ಆಯಿತು, ಮನುಷ್ಯರನ್ನು ಆ ಪದದಿಂದ ಕರೆಯುವುದು ಹೇಗೂ ಚೆನ್ನಾಗಿರಲಿಲ್ಲ.

ಫೇಮಸ್‌ಗೆ ‘ಇನ್’ ಸೇರಿಸಿದರೆ ಇನ್‌ಫೇಮಸ್ ಆಗುವುದಿಲ್ಲ, ‘ಇನ್‌ಫಮಸ್’ ಆಗುತ್ತದೆ. ಅರ್ಥ ಯಾರಿಗೂ ಗೊತ್ತಿಲ್ಲದವನು ಅಂತಲೂ ಅಲ್ಲ, ಊರಿಗೆಲ್ಲ ಗೊತ್ತಿರುವ ಕುಖ್ಯಾತ. ಫೈನೈಟ್ ಹೋಗಿ ಇನ್‌ಫಿನಿಟ್. ಹಾಗಂತ ಪಾಸಿಬಲ್ ಏನೂ ಬದಲಾಗದೆ ‘ಇಂಪಾಸಿಬಲ್’ ಆಗಿ ಕೂರುತ್ತದೆ. ಇನ್ನು ಇಂಪಾರ್ಟೆಂಟ್ ಅನ್ನುವಾಗ ಸ್ವಲ್ಪ ಹುಷಾರು. ಒತ್ತು ‘ಪಾರ್’ ಮೇಲೆ ಇರಬೇಕು. ನಮ್ಮ ಅಭ್ಯಾಸದಂತೆ ಮೊದಲ ಅಕ್ಷರ ಒತ್ತಿ, ನಡುವಿನದನ್ನು ನುಂಗಿದರೆ, ಇಂಗ್ಲಿಷ್ ಕಿವಿಗೆ ಅದು ಗಂಡಸರು ಯಾರೂ ಕೇಳಲು ಇಷ್ಟಪಡದ ಪದದ ಹತ್ತಿರ ಹೋಗಿಬಿಡುತ್ತದೆ. ಮುಖ್ಯ ಅತಿಥಿಗಳನ್ನು ಪರಿಚಯಿಸುವವರು ಗಮನಿಸಬೇಕು.

ಬೇಲೂರಿನ ಶಿಲ್ಪಗಳನ್ನು ಇನ್‌ವ್ಯಾಲ್ಯುಯಬಲ್ ಅಂದರೆ ಬೆಲೆಯಿಲ್ಲದ್ದು ಅಂತ ಅಲ್ಲ, ಬೆಲೆ ಕಟ್ಟಲಾಗದ್ದು ಅಂತ. ಇದು ಮಾತ್ರ ನಮಗೆ ಸುಲಭ, ಯಾಕೆಂದರೆ ‘ಅಮೂಲ್ಯ’ ಕೂಡ ಹಾಗೇ ಹುಟ್ಟಿದೆ. ಆ ‘ಅ’ ಮತ್ತು ಈ ‘ಇನ್’ ದೂರದ ನೆಂಟರೇ. ಸಂಸ್ಕೃತದ ಅ, ಗ್ರೀಕಿನ ಅ, ಲ್ಯಾಟಿನ್ನಿನ ಇನ್, ಇಂಗ್ಲಿಷಿನ ಅನ್, ಎಲ್ಲಕ್ಕೂ ಬೇರು ಒಂದೇ. ಸ್ವರದ ಮುಂದೆ ನಮ್ಮದೂ ‘ಅನ್’ ಆಗುತ್ತದೆ: ಅರ್ಹ, ಅನರ್ಹ. ಗ್ರೀಕಿನಲ್ಲೂ ಹಾಗೇ, ಅನೀಮಿಯ ಅನ್ನುವಾಗ ಇರುವುದು ಅದೇ ಅನ್.

ಬೇಲೂರು ತಾಲ್ಲೂಕಿನದೇ ಹಲ್ಮಿಡಿ ಶಾಸನ ನೋಡಿ. ಕ್ರಿ.ಶ. 450ರ ಸುಮಾರಿನದು, ಕನ್ನಡದ ತೀರಾ ಹಳೆಯದು ಅಂತ ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ಅದು ಶುರುವಾಗುವುದು ವಿಷ್ಣುವನ್ನು ಹೊಗಳುವ ಸಂಸ್ಕೃತ ಶ್ಲೋಕದಿಂದ, ಅದರ ಮೊದಲ ಸಾಲಿನಲ್ಲೇ ‘ಅಚ್ಯುತ’ ಇದ್ದಾನೆ. ಚ್ಯುತ ಅಂದರೆ ಜಾರಿದವನು, ಮುಂದೊಂದು ‘ಅ’ ಹಾಕಿದರೆ ಆಯಿತು. ಅದನ್ನೇ ಕನ್ನಡದಲ್ಲಿ ಹೇಳಿ: ಜಾರದವನು. ‘ಜಾರ್’ ಅಂತ ಬಾಯಿಬಿಟ್ಟ ಮೇಲೇ ಜಾರಲಿಲ್ಲ ಅಂತ ಗೊತ್ತಾಗುವುದು.